ಹೊಟ್ಟು ಬಿಟ್ಟ ಮೇಲಿನ ಆಯಸ್ಸು: ಮಧುಗಿರಿ ಸೀಮೆಯ ಕಿರುಧಾನ್ಯ ಮತ್ತು ದಿಢೀರ್ ಅಡುಗೆಯ ಪೊಟ್ಟಣ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಆಡಳಿತ ಒಂದೇ ಗುಂಪಾಗಿ ನೋಡುತ್ತದೆ. ಕಂದಾಯ ಇಲಾಖೆಗೆ ಅದು ಮಧುಗಿರಿ ಉಪವಿಭಾಗ, ಶಿಕ್ಷಣ ಇಲಾಖೆಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಬೆಳೆಯ ಲೆಕ್ಕದಲ್ಲಿಯೂ ಈ ಗುಂಪಿಗೆ ಅರ್ಥವಿದೆ. ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆ ದಾಟಿ ಉತ್ತರಕ್ಕೆ ಬಂದಂತೆ ಮಳೆ ಇಳಿಯುತ್ತದೆ. ಪಾವಗಡ ಮುಟ್ಟುವ ಹೊತ್ತಿಗೆ ಉಳಿಯುವುದು ಮಳೆ ನಂಬಿದ ಕಡಲೆಕಾಯಿ, ರಾಗಿ, ತೊಗರಿ, ಬದುವಿನ ಹುಣಸೆ, ನಡುನಡುವೆ ನವಣೆ, ಸಾಮೆ, ಕೊರಲೆ. ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ತಂದ ಯೋಜನೆಯಲ್ಲಿ ‘ಒಂದು ಜಿಲ್ಲೆ, ಒಂದು ಉತ್ಪನ್ನ’ದ ಲೆಕ್ಕಕ್ಕೆ ತುಮಕೂರಿಗೆ ಸಿಕ್ಕಿದ್ದು ತೆಂಗು. ಜಿಲ್ಲೆಯ ಅರ್ಧಕ್ಕೆ ಒಪ್ಪುವ ಆಯ್ಕೆ ಅದು. ಈ ಟಿಪ್ಪಣಿ ಇನ್ನರ್ಧದ್ದು.

ದಿಢೀರ್ ಅಡುಗೆ ಎಂದರೆ ಇಲ್ಲಿ ನಾನು ಹೇಳುತ್ತಿರುವುದು ಬಿಸಿ ಮಾಡಿ ತಿನ್ನುವ ಪೊಟ್ಟಣವನ್ನಲ್ಲ, ಅಡುಗೆಯ ಕಷ್ಟದ ಭಾಗ ಮುಗಿಸಿಕೊಟ್ಟು ಸುಲಭದ ಭಾಗವನ್ನು ಮನೆಗೆ ಬಿಡುವ ಪೊಟ್ಟಣವನ್ನು: ದೋಸೆ ಮಿಕ್ಸ್, ಉಪ್ಪಿಟ್ಟಿನ ರವೆ, ಶಾವಿಗೆ, ತೊಳೆದು ಕುಕ್ಕರಿಗೆ ಹಾಕುವಂತಿರುವ ಕೊರಲೆ ಅಕ್ಕಿ, ಅನ್ನಕ್ಕೆ ಕಲಸುವ ಗೊಜ್ಜು. ಇವುಗಳ ಬಗೆಗಿನ ಬರಹ, ತರಬೇತಿಗಳೆಲ್ಲ ಬಹುತೇಕ ಎರಡು ಸಂಗತಿಗಳ ಸುತ್ತ ತಿರುಗುತ್ತವೆ. ಮಿಶ್ರಣದ ಪ್ರಮಾಣ ಒಂದು, ಪೊಟ್ಟಣ ಮುಚ್ಚುವ ಯಂತ್ರ ಇನ್ನೊಂದು. ನನ್ನ ವಾದ ಇವೆರಡಕ್ಕೂ ಹಿಂದಿನ ಹಂತದ್ದು. ಈ ಸೀಮೆಯ ಕಿರುಧಾನ್ಯಗಳ ಮಟ್ಟಿಗೆ ಪೊಟ್ಟಣದ ಆಯಸ್ಸು ಶುರುವಾಗುವುದು ಅದಕ್ಕೆ ಮೊಹರು ಬಿದ್ದ ದಿನದಿಂದಲ್ಲ, ಕಾಳಿನ ಹೊಟ್ಟು ಬಿಟ್ಟ ಗಳಿಗೆಯಿಂದ. ಆ ಗಳಿಗೆಗೂ ಮೊಹರಿಗೂ ನಡುವೆ ಏನು ಮಾಡುತ್ತೇವೆ, ಎಷ್ಟು ದಿನ ಬಿಡುತ್ತೇವೆ ಎಂಬುದು ಕವರಿನ ಗುಣಕ್ಕಿಂತ ಹೆಚ್ಚಿನದನ್ನು ತೀರ್ಮಾನಿಸುತ್ತದೆ.

ಕೊರಲೆಯಿಂದ ತೊಡಗುವುದು ವಾಸಿ. ಸಸ್ಯಶಾಸ್ತ್ರಜ್ಞರು ಬ್ರಾಕಿಯೇರಿಯಾ ರಮೋಸಾ ಎಂದು ಕರೆಯುವ, ಗಡಿಯಾಚೆ ಅನಂತಪುರದ ಕಡೆ ಅಂಡುಕೊರ್ರಲು ಎಂದು ಮಾರುವ ಈ ಕಾಳಿನ ಇಂದಿನ ನೆಲೆ ಬಹಳ ಚಿಕ್ಕದು: ತುಮಕೂರಿನ ಈ ಉತ್ತರದ ತಾಲ್ಲೂಕುಗಳು, ಚಿತ್ರದುರ್ಗ ಮತ್ತು ಚಿಕ್ಕಬಳ್ಳಾಪುರದ ಕೆಲವು ಭಾಗಗಳು, ಇವಕ್ಕೆ ಅಂಟಿಕೊಂಡ ಆಂಧ್ರದ ಊರುಗಳು. ಎರಡೂವರೆ ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಬೇರೆ ಬೆಳೆ ಮುದುರಿಕೊಳ್ಳುವ ಹುಣಸೆ ಮರದ ನೆರಳಲ್ಲೂ ಏಳುತ್ತದೆ. ಹಿಂದೆ ಅದರ ನೆಲೆ ಇಷ್ಟು ಚಿಕ್ಕದಾಗಿರಲಿಲ್ಲ. ಪುರಾತತ್ತ್ವ ಸಸ್ಯಶಾಸ್ತ್ರಜ್ಞ ಡೋರಿಯನ್ ಫುಲ್ಲರ್ ಮತ್ತು ಅವರ ಸಂಗಡಿಗರು ಹಳ್ಳೂರು, ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳ ಬೂದಿ ಮಣ್ಣನ್ನು ನೀರಿನಲ್ಲಿ ತೇಲಿಸಿ ಹೆಕ್ಕಿದ ಸುಟ್ಟ ಕಾಳುಗಳಲ್ಲಿ ಕೊರಲೆ ಮುಖ್ಯವಾದದ್ದು. ನಾಲ್ಕು ಸಾವಿರ ವರ್ಷಗಳ ಹಿಂದೆ ಈ ನಾಡಿನ ಮುಖ್ಯ ಆಹಾರಗಳಲ್ಲಿ ಒಂದಾಗಿದ್ದ ಕಾಳು ಹಿಂದೆ ಸರಿದು, ಕೊನೆಗೆ ಕೆಲವೇ ತಾಲ್ಲೂಕುಗಳ ಬದುವಿನಲ್ಲಿ ಉಳಿಯಿತು. ಅಮೆರಿಕಕ್ಕೆ ಇದು ಭಾರತದಿಂದ ಹೋದದ್ದು 1915ರಲ್ಲಿ. ಅಲ್ಲಿನ ಆಗ್ನೇಯ ರಾಜ್ಯಗಳಲ್ಲಿ ಈಗಲೂ ಅದನ್ನು ಬೆಳೆಯುತ್ತಾರೆ, ಮೇವಿಗೆ ಮತ್ತು ಬೇಟೆಯ ಹಕ್ಕಿಗಳಿಗೆ. ಹಕ್ಕಿಗೆ ಹೊಟ್ಟು ಬಿಡಿಸಿಕೊಡುವ ಕೆಲಸವಿಲ್ಲ.

ಕಾಳು ಹಿಂದೆ ಸರಿದದ್ದಕ್ಕೆ ಕಾರಣಗಳು ಹಲವು ಇರಬಹುದಾದರೂ ಹೊಟ್ಟನ್ನು ಮರೆಯುವಂತಿಲ್ಲ. ರಾಗಿಯ ಹೊಟ್ಟು ಕಣದಲ್ಲೇ ಬಿಡುತ್ತದೆ, ಕಾಳನ್ನು ಹಾಗೇ ಬೀಸಬಹುದು. ಕೊರಲೆ, ನವಣೆ, ಸಾಮೆ, ಹಾರಕ, ಊದಲು, ಬರಗುಗಳಲ್ಲಿ ಕಾಳಿಗೆ ಅಂಟಿಕೊಂಡ ಗಟ್ಟಿ, ನುಣುಪು ಹೊಟ್ಟು ಕಣ ದಾಟಿ ಮನೆಗೆ ಬರುತ್ತದೆ. ಅದನ್ನು ತೆಗೆಯುವುದು ಹೆಂಗಸರ ಪಾಲಿನ ಕೆಲಸವಾಗಿತ್ತು: ಬಿಸಿಲಿಗೆ ಹರವು, ಬೀಸುಕಲ್ಲಿಗೆ ಹಾಕು ಇಲ್ಲವೆ ಒರಳಲ್ಲಿ ಕುಟ್ಟು, ಮೊರದಲ್ಲಿ ಕೇರು, ಉಳಿದದ್ದನ್ನು ಮತ್ತೆ ಕುಟ್ಟು. ಮನೆಯ ಒಂದು ಹೊತ್ತಿನ ಅನ್ನಕ್ಕೆ ಅರ್ಧ ದಿನದ ರಟ್ಟೆ. ಪಡಿತರದ ಅಕ್ಕಿ ಹಳ್ಳಿಗೆ ಬಂದಾಗ ಈ ಕಾಳುಗಳು ಅಡುಗೆಮನೆಯಿಂದ ಜಾರಿದ್ದು ರುಚಿಯ ಬದಲಾವಣೆಯಿಂದ ಎನ್ನುವವರು ಒನಕೆ ಹಿಡಿದವರನ್ನು ಕೇಳಿಲ್ಲ ಎಂದೇ ನನ್ನ ಅನುಮಾನ.

ಈಗಿನ ಗಿರಣಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಕಾಳನ್ನು ಎಸೆದು ಹೊಟ್ಟೊಡೆಯುವ ಯಂತ್ರ. ರಭಸವಾಗಿ ತಿರುಗುವ ಚಕ್ರದ ನಡುವೆ ಬಿದ್ದ ಕಾಳು ಅಂಚಿಗೆ ಚಿಮ್ಮಿ ಗೋಡೆಗೆ ಬಡಿಯುತ್ತದೆ. ಆ ಪೆಟ್ಟಿಗೆ ಹೊಟ್ಟು ಬಿರಿಯುತ್ತದೆ, ಗಾಳಿ ಅದನ್ನು ಹೀರಿ ಹೊರಗೆ ಹಾಕುತ್ತದೆ. ಸಮಸ್ಯೆ ಪೆಟ್ಟಿನ ಅಳತೆಯದು. ವೇಗ ಕಡಿಮೆಯಾದರೆ ಕಾಳು ಹೊಟ್ಟಿನೊಂದಿಗೇ ಹೊರಬರುತ್ತದೆ, ಹೆಚ್ಚಾದರೆ ನುಚ್ಚಾಗುತ್ತದೆ. ಒಂದೇ ಹೊಲದ ಕೊರಲೆಯಲ್ಲಿ ದಪ್ಪ, ಸಣ್ಣ, ಜೊಳ್ಳು ಎಲ್ಲ ಬೆರೆತಿರುವುದರಿಂದ ಎಲ್ಲಕ್ಕೂ ಒಪ್ಪುವ ಒಂದು ವೇಗ ಇರಲಾರದು. ಹಾಗಾಗಿ ಕಲ್ಲು ತೆಗೆದು, ಜರಡಿಯಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ಒಂದೊಂದು ಗಾತ್ರಕ್ಕೂ ವೇಗ ಹೊಂದಿಸಿ, ಹೊಟ್ಟು ಉಳಿದ ಕಾಳನ್ನು ಮತ್ತೆ ಹಾಯಿಸುವ ಸರಣಿ ಬೇಕು. ಜರಡಿಯ ಹಂತ ಬಿಟ್ಟು ಯಂತ್ರ ಮಾತ್ರ ಕೊಂಡವರಿಗೆ ಸಿಗುವುದು ಅರೆಬರೆ ಅಕ್ಕಿ. ಅನ್ನದಲ್ಲಿ ಒಂದೆರಡು ಹೊಟ್ಟಿನ ಕಾಳು ನಾಲಿಗೆಗೆ ಸಿಕ್ಕರೆ ಉಗುಳಬಹುದು. ಅದೇ ಕಾಳು ರವೆಯಾಗಿ ಇಡ್ಲಿಯಲ್ಲಿ ಸೇರಿದರೆ ಇಡೀ ಪೊಟ್ಟಣ ಮರಳು ಮರಳು. ದಿಢೀರ್ ಮಿಶ್ರಣಕ್ಕೆ ಬೇಕಾದ ಶುಚಿತ್ವ ಅನ್ನದ ಅಕ್ಕಿಗಿಂತ ಒಂದು ತೂಕ ಹೆಚ್ಚು.

ಪಶ್ಚಿಮ ಆಫ್ರಿಕದಲ್ಲಿ ಇದಕ್ಕೊಂದು ಜೋಡಿ ಕಥೆಯಿದೆ. ಸೆನೆಗಲ್, ಮಾಲಿ, ಗಿನಿಗಳ ಫೋನಿಯೋ ಕೊರಲೆಗಿಂತಲೂ ಚಿಕ್ಕ ಕಾಳು, ಹೊಟ್ಟಿನ ಹಟವೂ ಅಂಥದ್ದೇ. ಸೆನೆಗಲ್‌ನ ತಾಂತ್ರಿಕ ಶಿಕ್ಷಕ ಸನೂಸಿ ದಿಯಾಕಿತೆ ಅದರ ಹೊಟ್ಟು ಬಿಡಿಸುವ ಯಂತ್ರ ರೂಪಿಸಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದರು. ಡಾಕಾರ್, ಬಮಾಕೊಗಳಲ್ಲಿ ಮಹಿಳೆಯರ ಕಿರು ಉದ್ಯಮಗಳು ತೊಳೆದು, ಹಬೆಯಲ್ಲಿ ಅರೆಬೇಯಿಸಿ, ಒಣಗಿಸಿದ ಫೋನಿಯೋವನ್ನು ಪೊಟ್ಟಣದಲ್ಲಿ ಮಾರುತ್ತವೆ. ಅಲ್ಲಿ ಹಬೆಯಲ್ಲಿ ಬೇಯಿಸಿದ್ದು ಅಡುಗೆಯ ಸಮಯ ಉಳಿಸಲು. ಅದರಿಂದ ಇನ್ನೊಂದು ಲಾಭವೂ ಇದೆ, ನಮ್ಮ ಚರ್ಚೆಗೆ ಅದೇ ಮುಖ್ಯ.

ಹೊಟ್ಟಿನೊಳಗಿನ ನವಣೆ, ಕೊರಲೆ ವರ್ಷಗಟ್ಟಲೆ ಕೆಡುವುದಿಲ್ಲ. ಹೊಟ್ಟು ಬಿಟ್ಟ ಅದೇ ಕಾಳು ಕೆಲವೇ ತಿಂಗಳಲ್ಲಿ, ಬೀಸಿದ ಹಿಟ್ಟು ಇನ್ನೂ ಬೇಗ, ಕಮಟು ಹಿಡಿಯುತ್ತದೆ. ಕಮಟು ಎಂಬ ಒಂದೇ ವಾಸನೆಯ ಹಿಂದೆ ಎರಡು ಬೇರೆ ಕೆಲಸಗಳಿವೆ. ಮೊದಲನೆಯದು ಕಾಳಿನ ಸ್ವಂತ ಕಿಣ್ವದ್ದು. ತೌಡಿನ ಪದರದಲ್ಲಿ ಮತ್ತು ಮೊಳಕೆಯ ಭಾಗದಲ್ಲಿ ಕೊಬ್ಬೂ ಇರುತ್ತದೆ, ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಇರುತ್ತದೆ. ಇಡೀ ಕಾಳಿನಲ್ಲಿ ಇವೆರಡೂ ಬೇರೆ ಬೇರೆ ಕೋಣೆಗಳಲ್ಲಿವೆ. ಯಂತ್ರದ ಪೆಟ್ಟು ಗೋಡೆ ಒಡೆದು ಅವನ್ನು ಬೆರೆಸುತ್ತದೆ, ಕೊಬ್ಬು ಒಡೆದು ಬಿಡಿ ಕೊಬ್ಬಿನಾಮ್ಲವಾಗುತ್ತದೆ, ಹಿಟ್ಟು ಕಹಿಯಾಗುತ್ತದೆ. ಈ ಕ್ರಿಯೆಗೆ ಆಮ್ಲಜನಕ ಬೇಕಿಲ್ಲ. ಎರಡನೆಯದು ಗಾಳಿಯ ಆಮ್ಲಜನಕ ಕೊಬ್ಬನ್ನು ಕೆಡಿಸುವುದು. ಬೆಳಕು, ಬಿಸಿ ಎರಡೂ ಅದಕ್ಕೆ ಒತ್ತಾಸೆ. ಮೊದಲನೆಯದರಲ್ಲಿ ಬಿಡಿಯಾದ ಆಮ್ಲ ಎರಡನೆಯದಕ್ಕೆ ಸುಲಭದ ತುತ್ತು.

ಇದರಿಂದ ಹೊರಡುವ ತೀರ್ಮಾನ ಸರಳ, ಆದರೆ ಎಷ್ಟೋ ಕಿರು ಉದ್ಯಮಗಳ ಖರ್ಚಿನ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಗಾಳಿಯಿಂದಾಗುವ ಕಮಟನ್ನು ಪೊಟ್ಟಣ ತಡೆಯಬಲ್ಲದು. ಕಿಣ್ವದಿಂದಾಗುವ ಕಮಟನ್ನು ಎಂಥ ದುಬಾರಿ ಪೊಟ್ಟಣವೂ ತಡೆಯಲಾರದು, ಅದಕ್ಕೆ ಮುಂಚೆಯೇ ಬಿಸಿ ತಾಗಿಸಿ ಕಿಣ್ವವನ್ನು ಕೊಂದಿರಬೇಕು. ನಿರ್ವಾತದಲ್ಲಿ ಕಲ್ಲಿನಂತೆ ಬಿಗಿದ ಪೊಟ್ಟಣದೊಳಗೂ ಲೈಪೇಸ್ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ.

ಎಲ್ಲ ಕಿರುಧಾನ್ಯಕ್ಕೂ ಈ ಅಪಾಯ ಒಂದೇ ಪ್ರಮಾಣದ್ದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿ 100 ಗ್ರಾಂ ಸಾಮೆಗೆ ಕೊಬ್ಬು 4.7 ಗ್ರಾಂ, ನವಣೆಗೆ 4.3, ಊದಲಿಗೆ 2.2, ಹಾರಕಕ್ಕೆ 1.4, ರಾಗಿಗೆ 1.3, ಬರಗಿಗೆ 1.1. ಸಾಮೆಗೂ ಬರಗಿಗೂ ನಾಲ್ಕು ಪಟ್ಟಿನ ಅಂತರವಿರುವಾಗ ಐದಾರು ‘ಸಿರಿಧಾನ್ಯ’ಗಳ ಪೊಟ್ಟಣಗಳಿಗೆಲ್ಲ ಒಂದೇ ಅವಧಿ ಮುದ್ರಿಸುವುದು ಗಡಿಯಾರ ನೋಡದೆ ಹೊತ್ತು ಹೇಳಿದಂತೆ. ಐದನ್ನೂ ಬೆರೆಸಿ ಬೀಸಿದ ಹಿಟ್ಟಿನ ಆಯಸ್ಸು ಸರಾಸರಿಯದಲ್ಲ, ಅದರೊಳಗಿನ ಸಾಮೆಯದು. ‘ಪಾಲಿಶ್ ಮಾಡಿಲ್ಲ’ ಎಂದು ಹೆಮ್ಮೆಯಿಂದ ಬರೆದ ಪೊಟ್ಟಣದ ಕಥೆಯೂ ಹೀಗೆಯೇ. ತೌಡು ಉಳಿದಷ್ಟೂ ನಾರು, ಖನಿಜ ಉಳಿಯುತ್ತವೆ ನಿಜ, ಕಮಟಿನ ಮೂಲವೂ ಉಳಿಯುತ್ತದೆ. ಬೆಳ್ಳಗೆ ಉಜ್ಜಿದ ನವಣೆ ಅಂಗಡಿಯಲ್ಲಿ ಹೆಚ್ಚು ದಿನ ಬಾಳುವುದು ಅಂಗಡಿಯವನಿಗೆ ಗೊತ್ತು. ಹಾಗಾಗಿ ಅವನಿಗೆ ಬೇಕಾದದ್ದೂ ಗಿರಾಕಿಗೆ ಬೇಕಾದದ್ದೂ ಬೇರೆಯಾಗುತ್ತವೆ.

ಬಿಸಿ ತಾಗಿಸುವ ಒಂದು ವಿದ್ಯೆ ಈ ಸೀಮೆಯ ಅಡುಗೆಮನೆಯಲ್ಲೇ ಇತ್ತು. ಅದರ ಹೆಸರು ಹುರಿಹಿಟ್ಟು. ರಾಗಿಗೆ ನೀರನ್ನೋ ಮಜ್ಜಿಗೆಯನ್ನೋ ಚಿಮುಕಿಸಿ, ತೇವ ಒಳಗಿಳಿಯುವಷ್ಟು ಹೊತ್ತು ಕಟ್ಟಿಟ್ಟು, ಕಾದ ಮರಳಿನಲ್ಲಿ ಅರಳು ಹುರಿದು, ಬೀಸುವುದು. ಪ್ರಯೋಗಾಲಯದ ಭಾಷೆಯಲ್ಲಿ ಇದು ಹೆಚ್ಚು ಶಾಖ, ಅತಿ ಕಡಿಮೆ ಕಾಲದ ಸಂಸ್ಕರಣೆ. ಕಾಳಿನ ತೇವ ನೂರಕ್ಕೆ ಹದಿನೆಂಟರಿಂದ ಇಪ್ಪತ್ತಕ್ಕೆ ಬಂದಿರಬೇಕು, ಮರಳು 230–250 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ಕೆಲವೇ ಸೆಕೆಂಡುಗಳಲ್ಲಿ ಪಿಷ್ಟ ಬೇಯುತ್ತದೆ, ಕಿಣ್ವ ಸಾಯುತ್ತದೆ. ಹಾಲು ಬೆಲ್ಲ ಅಥವಾ ಮಜ್ಜಿಗೆ ಕಲಸಿದರೆ ತಿಂಡಿ ಸಿದ್ಧ. ದಿಢೀರ್ ತಿಂಡಿಯ ಇತಿಹಾಸವನ್ನು ಬೆಂಗಳೂರಿನ ಹೋಟೆಲಿನಿಂದ ಆರಂಭಿಸುವ ರೂಢಿಗೆ ಇದೊಂದು ಸಣ್ಣ ಆಕ್ಷೇಪ.

ಹುರಿಯುವುದು ಒಂದು ದಾರಿ, ಕುಚ್ಚಲು ಮಾಡುವುದು ಇನ್ನೊಂದು. ಹೊಟ್ಟಿನೊಂದಿಗೇ ಕಾಳನ್ನು ನೆನೆಸಿ, ಹಬೆ ಕೊಟ್ಟು, ಒಣಗಿಸಿ, ಆಮೇಲೆ ಗಿರಣಿಗೆ ಹಾಕಿದರೆ ಕಿಣ್ವ ನಿಲ್ಲುತ್ತದೆ, ಕಾಳು ಗಟ್ಟಿಯಾಗಿ ನುಚ್ಚು ಕಡಿಮೆಯಾಗುತ್ತದೆ. ಕೊರಲೆಯಂಥ ಸಣ್ಣ ಕಾಳಿಗೆ ನುಚ್ಚಿನ ಉಳಿತಾಯವೇ ಹಬೆಯ ಖರ್ಚಿನ ಒಂದು ಪಾಲು ತೂಗಿಸಬಹುದು. ಆದರೆ ಬಿಸಿಗೂ ಒಂದು ಹದವಿದೆ. ಮಿತಿಮೀರಿದರೆ ಕಾಳಿನಲ್ಲೇ ಇರುವ, ಕೊಬ್ಬನ್ನು ಗಾಳಿಯಿಂದ ಕಾಯುವ ವಸ್ತುಗಳೂ ನಾಶವಾಗಿ, ಕಿಣ್ವದ ಕಮಟು ತಪ್ಪಿಸಲು ಹೋಗಿ ಗಾಳಿಯ ಕಮಟನ್ನು ಕರೆದಂತಾಗುತ್ತದೆ. ಓಟ್ಸ್ ಉದ್ಯಮ ಈ ಪಾಠ ಕಲಿತಾಗಿದೆ.

ಪಾವಗಡದಲ್ಲಿ ಇದಕ್ಕೆ ಇನ್ನೊಂದು ಅಡ್ಡಿಯಿದೆ: ನೀರು. ಆ ತಾಲ್ಲೂಕಿನ ಕೊಳವೆಬಾವಿಗಳ ಫ್ಲೋರೈಡ್ ತೊಂದರೆ ಎಲ್ಲರಿಗೂ ತಿಳಿದದ್ದು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಪ್ರಮಾಣ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 1.5. ಒಂದು ಕಿಲೋ ಕಾಳು ನೆನೆದಾಗ ಸುಮಾರು 300 ಮಿಲಿಲೀಟರ್ ನೀರು ಕುಡಿಯುತ್ತದೆ ಎಂದಿಟ್ಟುಕೊಳ್ಳೋಣ. ಆ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಒಣಗಿದ ಕಾಳಿನಲ್ಲಿ 0.9 ಮಿಲಿಗ್ರಾಂ ಉಳಿಯುತ್ತದೆ. ಆವಿಯಾಗುವುದು ನೀರು, ಫ್ಲೋರೈಡ್ ಅಲ್ಲ. ಮನೆಯಲ್ಲಿ ಬೇಯಿಸುವ ನೀರಿನದು ಇದರ ಮೇಲೆ. ಹಾಗಾಗಿ ಪಾವಗಡ ಕಡೆ ಕುಚ್ಚಲು ಘಟಕಕ್ಕೆ ಶುದ್ಧೀಕರಿಸಿದ ನೀರು ಐಷಾರಾಮವಲ್ಲ, ಯಂತ್ರಗಳ ಪಟ್ಟಿಯ ಮೊದಲ ಸಾಲಿನಲ್ಲಿ ಇರಬೇಕಾದದ್ದು. ಒಣ ಹುರಿತಕ್ಕೆ ಈ ತಾಪತ್ರಯ ಕಡಿಮೆ. ಇದೇ ಕಾರಣಕ್ಕೆ ಪಾವಗಡಕ್ಕೆ ಹುರಿತ, ಶುದ್ಧ ನೀರು ಖಚಿತವಾಗಿ ಸಿಗುವೆಡೆ ಹಬೆ, ಎಂಬ ಹಂಚಿಕೆ ನನಗೆ ಸರಿಯೆನಿಸುತ್ತದೆ.

ಕಿಣ್ವದ ಕಥೆ ಮುಗಿದ ಮೇಲೆ ಕವರಿನ ಕಥೆ. ಒಂದು ಲೆಕ್ಕ ಹಾಕಿ ನೋಡಬಹುದು. ಅರ್ಧ ಕಿಲೋ ನವಣೆ ಹಿಟ್ಟಿನಲ್ಲಿ ಕೊಬ್ಬು ಸುಮಾರು 21.5 ಗ್ರಾಂ. ಸಂಸ್ಕರಿಸಿದ ಅಡುಗೆ ಎಣ್ಣೆಗೆ ಸಾಮಾನ್ಯವಾಗಿ ಒಪ್ಪುವ ಪೆರಾಕ್ಸೈಡ್ ಮಿತಿ ಕಿಲೋಗೆ 10 ಮಿಲಿ ಈಕ್ವಿವಲೆಂಟ್. ಅಷ್ಟು ಕೆಡಲು ಒಂದು ಕಿಲೋ ಕೊಬ್ಬು ಹೀರಬೇಕಾದ ಆಮ್ಲಜನಕ 160 ಮಿಲಿಗ್ರಾಂ. ನಮ್ಮ ಪೊಟ್ಟಣದ ಕೊಬ್ಬಿಗೆ ಬೇಕಾದದ್ದು ಮೂರೂವರೆ ಮಿಲಿಗ್ರಾಮಿಗಿಂತ ಸ್ವಲ್ಪ ಕಡಿಮೆ. ಈಗ ಪೊಟ್ಟಣದ ಒಳಗಿನ ಗಾಳಿ ನೋಡಿ. ಹಿಟ್ಟಿನ ಕಣಗಳ ನಡುವಿನ ಸಂದಿಯೇ ಸುಮಾರು 450 ಮಿಲಿಲೀಟರ್. ಅದರಲ್ಲಿ ಐದನೇ ಒಂದು ಭಾಗ ಆಮ್ಲಜನಕ, ತೂಕದಲ್ಲಿ 120 ಮಿಲಿಗ್ರಾಂ. ಎಂದರೆ ಕೊಬ್ಬು ಕೆಡಲು ಬೇಕಾದದ್ದಕ್ಕಿಂತ ಮೂವತ್ತೈದು ಪಟ್ಟು ಆಮ್ಲಜನಕವನ್ನು ನಾವೇ ಒಳಗಿಟ್ಟು ಮೊಹರು ಹಾಕುತ್ತೇವೆ. ಹೊರಗಿನ ಗಾಳಿ ಒಂದು ಹನಿಯೂ ಒಳಬರದ ಅಲ್ಯುಮಿನಿಯಂ ಹಾಳೆಯಲ್ಲಿ ಕಟ್ಟಿದರೂ ಈ ಲೆಕ್ಕ ಬದಲಾಗುವುದಿಲ್ಲ. ಒಳಗಿನ ಗಾಳಿಯನ್ನು ಎಳೆದು ತೆಗೆಯದೆ ಅಥವಾ ಸಾರಜನಕ ತುಂಬದೆ ಹೊಳೆಯುವ ಲ್ಯಾಮಿನೇಟಿಗೆ ದುಡ್ಡು ಹಾಕುವುದು ಕಳ್ಳನನ್ನು ಒಳಗೆ ಬಿಟ್ಟು ಬಾಗಿಲಿಗೆ ಬೀಗ ಜಡಿಯುವ ಕೆಲಸ.

ಪ್ಲಾಸ್ಟಿಕ್ ಹಾಳೆಗಳ ಗುಣವೂ ಒಂದೊಂದಕ್ಕೆ ಒಂದೊಂದು. ಪಾಲಿಥೀನ್ ತೇವವನ್ನು ಸುಮಾರಾಗಿ ತಡೆಯುತ್ತದೆ, ಆಮ್ಲಜನಕವನ್ನು ಧಾರಾಳವಾಗಿ ಬಿಡುತ್ತದೆ. ಗರಿಗರಿ ಸದ್ದಿನ ಪಾಲಿಪ್ರೊಪಿಲೀನ್ ತೇವಕ್ಕೆ ಒಳ್ಳೆಯ ತಡೆ, ಆಮ್ಲಜನಕಕ್ಕೆ ದುರ್ಬಲ. ನೈಲಾನ್ ಪದರವಿರುವ ಹಾಳೆ ಆಮ್ಲಜನಕಕ್ಕೆ ಒಳ್ಳೆಯ ತಡೆ, ನಿರ್ವಾತಕ್ಕೆ ಒಗ್ಗುವುದು ಅದೇ. ಲೋಹದ ತೆಳು ಲೇಪವಿರುವ ಪಾಲಿಯೆಸ್ಟರ್ ತೇವ, ಗಾಳಿ, ಬೆಳಕು ಮೂರನ್ನೂ ಬಹುಮಟ್ಟಿಗೆ ತಡೆಯುತ್ತದೆ. ಕಾಳು ಕಾಣಲೆಂದು ಪೊಟ್ಟಣದ ಎದೆಗೆ ಬಿಡುವ ಪಾರದರ್ಶಕ ಕಿಟಕಿ ಗಿರಾಕಿಗೆ ನಂಬಿಕೆ ಕೊಡುತ್ತದೆ, ಬೆಳಕಿಗೂ ದಾರಿ ಕೊಡುತ್ತದೆ. ನವಣೆ, ಸಾಮೆಗೆ ಆ ಕಿಟಕಿ ಬೇಡ. ಬರಗಿಗೆ ಇದ್ದರೂ ಅಂಥ ನಷ್ಟವಿಲ್ಲ.

ಪೊಟ್ಟಣ ಎಲ್ಲಿ ಮುಚ್ಚುತ್ತದೆ ಎನ್ನುವುದಕ್ಕಿಂತ ಎಲ್ಲಿ ತೆರೆಯುತ್ತದೆ ಎನ್ನುವುದನ್ನು ನೋಡಿ ಹಾಳೆ ಆರಿಸಬೇಕು. ಶಿರಾ, ಪಾವಗಡದ ಬೇಸಿಗೆಯಲ್ಲಿ ಗಾಳಿ ಎಷ್ಟು ಒಣ ಎಂದರೆ ತೆರೆದಿಟ್ಟ ಹಿಟ್ಟು ತೇವ ಪಡೆಯುವ ಬದಲು ಕಳೆದುಕೊಳ್ಳುತ್ತದೆ. ಅಲ್ಲಿ ಮಾಡಿನ ತಗಡಿನ ಕಾವು ಶತ್ರು, ತೇವವಲ್ಲ. ಅದೇ ಪೊಟ್ಟಣ ಮಳೆಗಾಲದ ಮಂಗಳೂರಿಗೆ ಹೋದರೆ ಲೆಕ್ಕ ತಿರುವುಮುರುವು. ಅರ್ಧ ಕಿಲೋ ಹಿಟ್ಟಿನ ತೇವ ನೂರಕ್ಕೆ 9ರಿಂದ 12ಕ್ಕೆ ಏರಲು ಹೀರಬೇಕಾದ ನೀರು ಹದಿನೈದು ಗ್ರಾಮಿನಷ್ಟು. 20 × 28 ಸೆಂಟಿಮೀಟರ್ ಪೊಟ್ಟಣದ ಎರಡೂ ಬದಿ ಸೇರಿದರೆ 0.11 ಚದರ ಮೀಟರ್. ಪರೀಕ್ಷೆಗೆ ಬಳಸುವ 38 ಡಿಗ್ರಿ, ಶೇಕಡಾ 90 ಆರ್ದ್ರತೆಯ ಕೋಣೆಯಲ್ಲಿ 50 ಮೈಕ್ರಾನ್ ಪಾಲಿಥೀನ್ ಚದರ ಮೀಟರಿಗೆ ದಿನಕ್ಕೆ ಹತ್ತು ಗ್ರಾಮಿನ ಆಸುಪಾಸು ಆವಿ ಬಿಡುತ್ತದೆ. ದಿನಕ್ಕೆ ಒಂದು ಗ್ರಾಂ ಒಳಬಂದರೆ ಹದಿನೈದು ದಿನಕ್ಕೆ ಹಿಟ್ಟು ಮುಗ್ಗಲಿನ ಅಂಚಿಗೆ. ಲೋಹಲೇಪಿತ ಹಾಳೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಒಂದು ಗ್ರಾಮಿನಷ್ಟೇ ಹಾಯುವುದರಿಂದ ಅದೇ ಕೋಣೆಯಲ್ಲಿ ಐದು ತಿಂಗಳು. ಕರಾವಳಿಯ ನಿಜವಾದ ಹವೆ ಈ ಕೋಣೆಯಷ್ಟು ಕಠಿಣವಲ್ಲ, ದಿನಗಳು ಎರಡು ಮೂರು ಪಟ್ಟು ಹಿಗ್ಗಬಹುದು. ಎರಡು ಹಾಳೆಗಳ ನಡುವಿನ ಅಂತರ ಮಾತ್ರ ಹಾಗೇ ಇರುತ್ತದೆ. ಮಧುಗಿರಿಯ ಸಂತೆಯಲ್ಲೇ ವಾರದೊಳಗೆ ಮಾರಿಹೋಗುವ ಹಿಟ್ಟಿಗೆ ದುಬಾರಿ ಹಾಳೆ ಬೇಕಿಲ್ಲ. ಆ ಬಹುಪದರದ ಹಾಳೆಯನ್ನು ಆಮೇಲೆ ಬೇರ್ಪಡಿಸಿ ಮರುಬಳಸುವ ದಾರಿಯೂ ನಮ್ಮ ಪಟ್ಟಣಗಳಲ್ಲಿ ಇಲ್ಲದ್ದು.

ತೇವದ ಮಾತು ಸೋಡಾ ಬೆರೆಸಿದ ಮಿಶ್ರಣಗಳಿಗೆ ಇನ್ನೂ ಕಟುವಾಗಿ ಅನ್ವಯಿಸುತ್ತದೆ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ 1975ರ ತುರ್ತುಪರಿಸ್ಥಿತಿಯ ಬೆಲೆ ನಿಯಂತ್ರಣಕ್ಕೆ ಸಿಕ್ಕಿ ಹೋಟೆಲು ನಡೆಸಲಾಗದೆ ರವೆ ಇಡ್ಲಿಯ ಮಿಶ್ರಣ ಮಾರಲು ಹೊರಟದ್ದು, ಅದರಿಂದ ಬೆಳೆದ ಎಂಟಿಆರ್ ಫುಡ್ಸ್ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾದದ್ದು ಎಲ್ಲರೂ ಬಲ್ಲ ಕಥೆ. ಆ ಬಗೆಯ ಮಿಶ್ರಣದಲ್ಲಿ ಅಡುಗೆ ಸೋಡಾ ಮತ್ತು ಒಣ ಆಮ್ಲ ಅಕ್ಕಪಕ್ಕದಲ್ಲಿ ಕೂತಿರುತ್ತವೆ. ಇಡ್ಲಿ ತಟ್ಟೆಯಲ್ಲಿ ಏಳಬೇಕಾದ ಗುಳ್ಳೆ ತೇವ ತಾಗಿದರೆ ಪೊಟ್ಟಣದಲ್ಲೇ ಎದ್ದು ಮುಗಿಯುತ್ತದೆ. ನವಣೆ ರವೆಯ ಇಡ್ಲಿ ಮಿಕ್ಸ್ ಮಾಡುವವರು ಕಮಟು, ತೇವ ಎರಡರೊಂದಿಗೂ ಸೆಣಸಬೇಕು. ಅಕ್ಕಿ ಅಥವಾ ಗೋಧಿ ರವೆಯ ಸೂತ್ರವನ್ನು ಹಾಗೇ ಎತ್ತಿಕೊಂಡರೆ ಮೊದಲನೆಯದು ಮರೆತುಹೋಗುತ್ತದೆ.

ರಾಗಿಯ ಬಗ್ಗೆ ಇಲ್ಲಿ ಚಿಕ್ಕದಾಗಿ ಹೇಳಿದರೆ ಸಾಕು. ಅದರ ತೊಂದರೆ ಕೊಬ್ಬಿನದಲ್ಲ, ಮೆತ್ತನೆ ತಿರುಳಿಗೆ ಬಿಗಿಯಾಗಿ ಅಂಟಿದ ಸಿಪ್ಪೆಯದು. ಅದರಿಂದಲೇ ರಾಗಿಯನ್ನು ಅಕ್ಕಿಯಂತೆ ಮಾಡಲಾಗದೆ ತಲೆಮಾರುಗಳು ಬೀಸಿಯೇ ಉಂಡವು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಸಹೋದ್ಯೋಗಿಗಳು ನೆನೆಸಿ, ಹಬೆ ಕೊಟ್ಟು, ಒಣಗಿಸಿ ತಿರುಳನ್ನು ಗಟ್ಟಿಮಾಡಿ ಸಿಪ್ಪೆ ಉಜ್ಜುವ ವಿಧಾನ ಕಂಡುಕೊಂಡರು. ಹಾಗೆ ಬಂದ ರಾಗಿ ಅಕ್ಕಿ ಐದೇ ನಿಮಿಷದಲ್ಲಿ ಬಿಡಿಬಿಡಿಯಾಗಿ ಬೇಯುತ್ತದೆ. ಆದರೆ ರಾಗಿಯ ಹೆಸರಿಗೆ ಕಾರಣವಾದ ಸುಣ್ಣದಂಶದ ದೊಡ್ಡ ಪಾಲು ಇರುವುದು ಆ ಸಿಪ್ಪೆಯ ಕಡೆಯೇ. 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣದಂಶ ಎಂಬ ಪ್ರಸಿದ್ಧ ಅಂಕಿಯನ್ನು ರಾಗಿ ಅಕ್ಕಿಯ ಪೊಟ್ಟಣದ ಮೇಲೆ ಹಾಕುವುದು ಸರಿಯಲ್ಲ, ಅದು ಇಡೀ ರಾಗಿಯ ಅಂಕಿ.

ಕಡಲೆಕಾಯಿಗೂ ಹುಣಸೆಗೂ ಈ ಸೀಮೆಯಲ್ಲಿ ಕಿರುಧಾನ್ಯಕ್ಕಿಂತ ದೊಡ್ಡ ವ್ಯವಹಾರವಿದೆ. ಆದರೆ ತಂತ್ರಜ್ಞಾನದ ಪ್ರಶ್ನೆ ಅವುಗಳಲ್ಲಿ ಅಷ್ಟು ಸಿಕ್ಕಾಗಿಲ್ಲ. ಕಡಲೆಬೀಜದ ಚಟ್ನಿಪುಡಿಯಲ್ಲಿ ಕಮಟಿಗಿಂತ ಮುಂಚೆ ಯೋಚಿಸಬೇಕಾದದ್ದು ಅಫ್ಲಟಾಕ್ಸಿನ್. ಕಾಯಿ ಕಟ್ಟುವಾಗ ಮಳೆ ಕೈಕೊಟ್ಟರೆ, ಕಿತ್ತ ಬಳ್ಳಿ ಮಳೆಗೆ ಸಿಕ್ಕರೆ ಹುಟ್ಟುವ ಆ ಶಿಲೀಂಧ್ರವಿಷವನ್ನು ಹುರಿತ ಪೂರ್ತಿ ತೆಗೆಯುವುದಿಲ್ಲ, ಪುಡಿ ಮಾಡಿದ ಮೇಲೆ ಕಣ್ಣಿಗೂ ಕಾಣುವುದಿಲ್ಲ. ಬೂಷ್ಟು, ಸುಕ್ಕು ಬೀಜವನ್ನು ಪುಡಿಗೆ ಹಾಕಿ ಒಳ್ಳೆಯದನ್ನು ಹಾಗೇ ಮಾರುವ ವ್ಯಾಪಾರಬುದ್ಧಿ ಇಲ್ಲಿ ಅಪಾಯಕಾರಿ. ಹುಣಸೆಯ ಗೊಜ್ಜು ಇವೆಲ್ಲಕ್ಕಿಂತ ಸುಲಭದ ವಸ್ತು. ಅದರ ಹುಳಿ, ಉಪ್ಪು, ಬೆಲ್ಲ ಸೂಕ್ಷ್ಮಜೀವಿಗಳನ್ನು ತಾವೇ ತಡೆಯುತ್ತವೆ. ಆಮ್ಲತೆಯ ಅಳತೆಯಾದ ಪಿಎಚ್ 4.6ಕ್ಕಿಂತ ಸಾಕಷ್ಟು ಕೆಳಗಿರುವುದರಿಂದ ಒತ್ತಡದ ಪಾತ್ರೆಯಲ್ಲಿ ಕ್ರಿಮಿಶುದ್ಧಿ ಮಾಡುವ ಅಗತ್ಯ ಬೀಳುವುದಿಲ್ಲ. ಬಿಸಿಯಾಗಿಯೇ ತುಂಬಿ ಮುಚ್ಚಿದರೆ ಸಾಕು. ಬಣ್ಣ ಕಪ್ಪಾಗುವುದೊಂದೇ ತಕರಾರು, ತಣ್ಣಗಿನ ದಾಸ್ತಾನು ಅದನ್ನು ನಿಧಾನಗೊಳಿಸುತ್ತದೆ. ಹೊಸದಾಗಿ ಉದ್ಯಮ ತೆರೆಯುವ ಸ್ವಸಹಾಯ ಸಂಘವೊಂದು ಸಿರಿಧಾನ್ಯದ ಹೆಸರಿನ ಸೆಳೆತಕ್ಕೆ ಬೀಳದೆ ಗೊಜ್ಜಿನಿಂದ ಶುರುಮಾಡಿದರೆ ನಾನು ಮೆಚ್ಚುತ್ತೇನೆ.

ಇನ್ನು ಜಾಗದ ಪ್ರಶ್ನೆ. ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಗೆ ಹತ್ತಿರದ ವಸಂತನರಸಾಪುರದಲ್ಲಿ 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ಉದ್ಘಾಟಿಸಿದ ಇಂಡಿಯಾ ಫುಡ್ ಪಾರ್ಕ್, ಸಂಸ್ಕರಣೆಯನ್ನು ಒಂದೆಡೆ ಒಟ್ಟುಗೂಡಿಸುವ ಕಲ್ಪನೆಯದು. ಅದರ ಹಿಂದಿದ್ದ ಫ್ಯೂಚರ್ ಗ್ರೂಪಿನ ಚಿಲ್ಲರೆ ಮಾರಾಟ ಕಂಪನಿ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು ಎಂಬುದು ಬೇರೆ ಮಾತು. ಶೀತಲ ದಾಸ್ತಾನು, ದೊಡ್ಡ ಪೊಟ್ಟಣ ಯಂತ್ರ, ಪರೀಕ್ಷಾಲಯಗಳಿಗೆ ಇಂಥ ಕೇಂದ್ರ ಸರಿ. ಹೊಟ್ಟು ಬಿಡಿಸುವ ಕೆಲಸವನ್ನೂ ಅಲ್ಲಿಗೇ ಒಯ್ಯಬೇಕೆ ಎಂಬುದರಲ್ಲಿ ನನಗೆ ಸಂದೇಹವಿದೆ. ಕೊರಲೆಯನ್ನು ಹೊಟ್ಟಿನೊಂದಿಗೆ ಸಾಗಿಸಿದರೆ ತೂಕದ ಮೂರನೇ ಒಂದು ಭಾಗದಷ್ಟು ಬಾಡಿಗೆ ಹೊಟ್ಟಿಗೇ ಹೋಗುತ್ತದೆ. ಹಳ್ಳಿಯಲ್ಲಿ ಒಂದೇ ಸಲ ಬಿಡಿಸಿ ಗೋದಾಮಿನಲ್ಲಿ ಪೇರಿಸಿದರೆ ಗಡಿಯಾರ ಅಲ್ಲೇ ಓಡಲು ಶುರು. ಎರಡಕ್ಕೂ ನಡುವಿನ ದಾರಿ ಹೀಗಿರಬಹುದು: ಕಾಳು ಹೊಟ್ಟಿನೊಂದಿಗೇ ಊರಿನಲ್ಲಿ, ಗಾಳಿಯಾಡದ ಚೀಲಗಳಲ್ಲಿ ಕೂತಿರಲಿ, ಬೇಡಿಕೆ ಬಂದಷ್ಟನ್ನು ಮಾತ್ರ ಹೋಬಳಿ ಮಟ್ಟದ ಗಿರಣಿಯಲ್ಲಿ ಬಿಡಿಸಿ, ಅಂದೇ ಹುರಿದು ಅಥವಾ ಹಬೆ ಕೊಟ್ಟು ಮುಂದಕ್ಕೆ ಕಳಿಸಲಿ. ಹೊಟ್ಟು ಹುರಿಯುವ ಒಲೆಗೆ ಉರುವಲು. ರಾಗಿಯನ್ನು ಹಗೇವಿನಲ್ಲಿ ಮುಚ್ಚಿಟ್ಟು ಬೇಕಾದಾಗ ತೆಗೆದು ಬೀಸುತ್ತಿದ್ದ ಕ್ರಮವೂ ಇದೇ ತರ್ಕದ್ದು. ಮುಚ್ಚಿದ ಗುಂಡಿಯಲ್ಲಿ ಕಾಳಿನ ಉಸಿರಾಟಕ್ಕೇ ಆಮ್ಲಜನಕ ಮುಗಿದು ಹುಳು ಉಳಿಯುತ್ತಿರಲಿಲ್ಲ. ಗಾಳಿಯಾಡದ ಚೀಲದ ತತ್ತ್ವವೂ ಅಷ್ಟೇ.

ರೈತನ ಕಡೆಯಿಂದ ಒಂದು ಮಾತು ಸೇರಿಸಬೇಕು. ಪಾವಗಡದ ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ಉದ್ಯಾನಕ್ಕೆ ಜಮೀನು ಕೊಟ್ಟವರಿಗೆ ಗೊತ್ತಾದ ಗುತ್ತಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು. ಕಿರುಧಾನ್ಯ ಬೆಳೆಯುವವರಿಗೆ ರಾಜ್ಯ ಸರ್ಕಾರ 2019–20ರಲ್ಲಿ ‘ರೈತ ಸಿರಿ’ ಯೋಜನೆಯಡಿ ಘೋಷಿಸಿದ ನೆರವು ಹೆಕ್ಟೇರಿಗೆ 10,000, ಎಂದರೆ ಎಕರೆಗೆ ನಾಲ್ಕು ಸಾವಿರದ ಸುಮಾರು. ಬಿಸಿಲಿನ ಬಾಡಿಗೆಯ ಎದುರು ಕೊರಲೆ ನಿಲ್ಲಬೇಕಾದರೆ ಹೊಟ್ಟು ಬಿಡಿಸಿದ ಮೇಲಿನ ಬೆಲೆಯ ಒಂದು ಪಾಲು ಹೊಲದ ಹತ್ತಿರವೇ ಉಳಿಯಬೇಕು. ಭಾರತ 2018ನ್ನು, ವಿಶ್ವಸಂಸ್ಥೆ 2023ನ್ನು ಕಿರುಧಾನ್ಯ ವರ್ಷವೆಂದು ಆಚರಿಸಿದವು. ಆ ಉತ್ಸವಗಳ ಭಾಷಣದಲ್ಲಿ ಆರೋಗ್ಯದ ಮಾತು ಬಹಳ, ಗಿರಣಿಯ ಮಾತು ಕಡಿಮೆ.

ಆಹಾರ ಸುರಕ್ಷತಾ ಪ್ರಾಧಿಕಾರವು 2023ರ ಸೆಪ್ಟೆಂಬರ್ 1ರಿಂದ ಜಾರಿಗೆ ತಂದ ಕಿರುಧಾನ್ಯಗಳ ಮಾನಕ ಹದಿನೈದು ಬಗೆಗಳನ್ನು ಹೆಸರಿಸುತ್ತದೆ, ಕೊರಲೆಯೂ ಅದರಲ್ಲಿದೆ. ತೇವ, ಕಸಕಡ್ಡಿ, ಬೇರೆ ಕಾಳಿನ ಬೆರಕೆ, ಜೊಳ್ಳು, ಹುಳು ಹಿಡಿದ ಕಾಳು, ಯೂರಿಕ್ ಆಮ್ಲ ಮೊದಲಾದ ಎಂಟು ಅಳತೆಗಳನ್ನು ಅದು ಕೇಳುತ್ತದೆ. ಪೊಟ್ಟಣದ ಮೇಲೆ ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನಾಂಕ ಹಾಕುವುದು ಕಡ್ಡಾಯ. ಹೊಟ್ಟು ಬಿಡಿಸಿ ನಾಲ್ಕು ತಿಂಗಳು ಗೋಣಿಚೀಲದಲ್ಲಿ ಕೂತ ನವಣೆಯನ್ನು ನಿನ್ನೆ ಪೊಟ್ಟಣಕ್ಕೆ ತುಂಬಿದರೆ ಅದರ ಮೇಲೆ ಬೀಳುವುದು ನಿನ್ನೆಯ ದಿನಾಂಕ. ಕೊರಟಗೆರೆಯ ಅಥವಾ ಮಧುಗಿರಿಯ ರೈತ ಉತ್ಪಾದಕ ಕಂಪನಿಯೊಂದು ತಾನಾಗಿಯೇ ಹೊಟ್ಟು ಬಿಡಿಸಿದ ದಿನಾಂಕವನ್ನೂ, ಹುರಿದದ್ದೋ ಹಬೆ ಕೊಟ್ಟದ್ದೋ ಹಸಿಯದೋ ಎಂಬುದನ್ನೂ ಅಚ್ಚು ಹಾಕಲು ಯಾವ ನಿಯಮವೂ ಅಡ್ಡಿಯಿಲ್ಲ. ಅದಕ್ಕೆ ಬೇಕಾದದ್ದು ಗಿರಣಿಯ ಬಾಗಿಲಲ್ಲಿ ಒಂದು ದಪ್ಪ ನೋಟ್‌ಬುಕ್ ಮತ್ತು ಪ್ರತಿ ಮೂಟೆಗೂ ಕಟ್ಟುವ ಚೀಟಿ.